ಹಾಡಿನ ಬಾಲ

"ಬಾಯಿ ಮುಚ್ತಾನೇ ಇಲ್ಲ ನೋಡೇ," ಎನ್ನುತ್ತ ಚಿಕ್ಕಮ್ಮ ಸತ್ತವಳ ತುಟಿಗಳನ್ನು ಇನ್ನೊಮ್ಮೆ ಬೆರಳಿನಿಂದ ಕೂಡಿಸಿದಳು. ಕೈ ತೆಗೆದ ಕೂಡಲೇ ಅವು ಮತ್ತೆ ದುಂಡಗಾದವು, ಬಿಸಿ ಏನನ್ನೋ ಊದಿ ಆರಿಸುವವರ ಹಾಗೆ.

ಮಗಳು ಟವೆಲ್ ಮಡಿಸಿ ಅಮ್ಮನ ಗಲ್ಲದ ಕೆಳಗಿಟ್ಟಳು. ಹನ್ನೊಂದು ವರ್ಷದ ಮೇಲೆ ಈ ಮನೆಗೆ ಬಂದಿದ್ದಳು. ಹೊಲಿಗೆ ಮೆಷಿನ್ನನ್ನು ಗೋಡೆಗೆ ಸರಿಸಿ ಮಂಚಕ್ಕೆ ಜಾಗ ಮಾಡಿದ್ದರು.

"ಚಿಕ್ಕಮ್ಮ, ಅಮ್ಮ ನನ್ನ ಕೇಳಿದ್ಳಾ? ಒಂದ್ಸಲನಾದ್ರೂ?"

"ಏನಂದೆ?"

ಚಿಕ್ಕಮ್ಮನ ಕಿವಿ ಅಷ್ಟಕ್ಕಷ್ಟೇ. ಮಗಳು ಗಟ್ಟಿಯಾಗಿ ಕೇಳಿದಳು. ಬಾಗಿಲಲ್ಲಿ ನಿಂತವರೆಲ್ಲ ತಿರುಗಿ ನೋಡಿದರು.

"ಸುಳ್ಳು ಯಾಕೆ ಹೇಳ್ಲಿ? ನಿನ್ನ ಹೆಸರೇ ಎತ್ಲಿಲ್ಲ. ಹೋದ ವರ್ಷ ಸ್ಟ್ರೋಕ್ ಆಗಿ ಮಾತೂ ನಿಂತೋಯ್ತು. ಇನ್ನೇನ್ ಕೇಳ್ತಾಳೆ?"

*

ಮಗಳಿಗೆ ಆಗ ಹತ್ತೊಂಬತ್ತು. ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದ ಅಮ್ಮನ ತುಟಿಯಂಚಿನಲ್ಲಿ ಯಾವಾಗಲೂ ಗುಂಡುಸೂಜಿಗಳು ಇರುತ್ತಿದ್ದವು. ಬಾಯಿಬಿಟ್ಟು ಕೂಗುವಂತಿರಲಿಲ್ಲ. ಅದಕ್ಕೇ ಸಂಜೆ ಆರಕ್ಕೆ ಕಿಟಕಿಯಲ್ಲಿ ನಿಂತು ಸೀಟಿ ಊದುತ್ತಿದ್ದಳು: ಏರುವ ಮೂರು ಸ್ವರ, ಸೂಜಿಗಳ ನಡುವೆ ಸೀಳಿ ಬರುವ ನಾಲ್ಕನೆಯದು. ಮಗಳು ಎರಡು ತಗ್ಗು ಸ್ವರದಲ್ಲಿ ಉತ್ತರ ಕೊಡಬೇಕು. ಅದರರ್ಥ, ಬಂದೆ.

ಒಂದು ಸಂಜೆ ಆ ಸೀಟಿ ಬಸ್ ಸ್ಟಾಪಿನವರೆಗೂ ಕೇಳಿ ಗೆಳತಿಯರು ಬಿದ್ದು ಬಿದ್ದು ನಕ್ಕಿದ್ದರು.

"ನಾನೇನು ನಾಯೀನಾ, ಸೀಟಿ ಹೊಡೆದ್ರೆ ಓಡಿ ಬರೋಕೆ?" ಎಂದು ಮಗಳು ಮನೆಗೆ ಬಂದು ರೇಗಿದ್ದಳು.

"ಸರಿ ಬಿಡು," ಎಂದಿದ್ದಳು ಅಮ್ಮ, ಸೂಜಿ ತೆಗೆಯದೆ. "ಇನ್ನು ಕರೆಯಲ್ಲ."

ಆ ವಾರವೇ ಮಗಳು ಮನೆ ಬಿಟ್ಟಳು.

*

ಮಹಡಿಯಿಂದ ಹಕ್ಕಿ ಮಾಸ್ತರು ಇಳಿದು ಬಂದರು. ಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದವರು. ಈಗ ಮೊಬೈಲಿನಲ್ಲಿ ಹಕ್ಕಿಗಳ ಹಾಡು ರೆಕಾರ್ಡ್ ಮಾಡುತ್ತ ಅಲೆಯುವುದೇ ಕೆಲಸ.

"ಇಂಥ ಹೊತ್ತಲ್ಲಿ ಹೇಳ್ಬಾರ್ದು, ಆದ್ರೂ ಕೇಳಮ್ಮ. ರೈಲು ಹಳಿ ಆಚೆ ಮಡಿವಾಳ ಹಕ್ಕಿ ಸ್ವರಾನ ಎರಡು ಸಲ ಏರಿಸಿ ನಿಲ್ಸುತ್ತೆ. ಮಾರ್ಕೆಟ್ ಕಡೇದು ಎಳೆಯುತ್ತೆ. ನಮ್ಮ ಬೀದೀದಕ್ಕೆ ಮಾತ್ರ ಹಾಡಿನ ಕೊನೇಲೊಂದು ಬಾಲ ಇದೆ!"

"ನಲ್ಲಿ ನೀರಿಗೆ ಬೀದಿಗೊಂದು ಟೈಮು, ಈಗ ಹಕ್ಕಿಗೂನಾ ಮಾಸ್ತರೇ?" ಎಂದ ಹೊರಗೆ ಕಾಯುತ್ತಿದ್ದ ವ್ಯಾನ್ ಡ್ರೈವರ್. ಯಾರೋ ಶ್ ಎಂದರು.

ಮಾಸ್ತರು ಮೊಬೈಲ್ ಒತ್ತಿದರು. ಏರುವ ಮೂರು ಸ್ವರ. ಸೀಳಿದ ನಾಲ್ಕನೆಯದು.

ಮಗಳು ಮೊಬೈಲಿನತ್ತ ಬಾಗಿದಳು.

"ಒಂದು ಹಕ್ಕಿ ಎಷ್ಟು ವರ್ಷ ಬದುಕುತ್ತೆ ಸರ್?"

"ನಾಲ್ಕೈದು ಅನ್ನು. ಮರಿಗಳು ಸುತ್ತ ಕೇಳಿದ್ದನ್ನೇ ಕಲೀತಾವೆ. ಈ ವರ್ಷ ಇನ್ನೊಂದು ಸೇರಿದೆ, ತಡಿ."

ಮತ್ತೆ ಅದೇ ಕರೆ. ಸ್ವಲ್ಪ ಮೌನ. ಆಮೇಲೆ ಎರಡು ತಗ್ಗು ಸ್ವರ.

"ಇದನ್ನ ಹಾಡೋ ಹಕ್ಕೀನ ಮಾತ್ರ ನಾನು ಒಂದಿನಾನೂ ಕಣ್ಣಲ್ಲಿ ನೋಡಿಲ್ಲ," ಎಂದರು ಮಾಸ್ತರು. "ಸಂಜೆ ಆರಕ್ಕೆ ನಿಮ್ಮ ಕಿಟಕಿ ಹತ್ರಾನೇ ಎಲ್ಲೋ ಕೂಗೋದು. ಮೂರು ದಿನದಿಂದ ಅದರ ಸದ್ದೇ ಇಲ್ಲ."

ಮಗಳು ಚಿಕ್ಕಮ್ಮನ ಕಿವಿಗೆ ಬಾಯಿಟ್ಟಳು. "ಅಮ್ಮ ಸೀಟಿ ಹೊಡೀತಿದ್ಳಾ?"

"ನಂಗೆ ಕುಕ್ಕರ್ ಸೀಟಿನೇ ಕೇಳಲ್ವಲ್ಲೇ! ಸಂಜೆ ಆದ್ರೆ ಕಾಲೆಳ್ಕೊಂಡು ಕಿಟಕಿಗೆ ಹೋಗಿ ತುಟಿ ಹೀಗ್ಮಾಡೋಳು. ಆಮೇಲೆ ಬಾಗ್ಲಿಗೆ ಬಂದು ಮತ್ತೆ ಹಾಗೇ. ಡಾಕ್ಟರ್ ಊದೋಕೆ ಹೇಳಿರ್ಬೇಕು ಅಂದ್ಕೊಂಡಿದ್ದೆ. ಈ ಮೂರು ದಿನ ಹಾಸಿಗೆಯಿಂದ ಏಳೋಕೇ ಆಗ್ಲಿಲ್ಲ."

ನಾಲ್ಕು ಜನ ದೇಹವನ್ನು ಎತ್ತಿದರು. ಮನೆಯಲ್ಲಿದ್ದವರೆಲ್ಲ ಹಿಂದೆಯೇ ಹೊರಬಂದರು. ವ್ಯಾನಿನ ಬಾಗಿಲು ತೆರೆಯುವಾಗ ಎದುರಿನ ಮರದಿಂದ ಕರೆ ಬಂತು. ಮೂರು ಸ್ವರ, ಸೀಳಿದ ನಾಲ್ಕನೆಯದು. ಯಾರೂ ತಲೆ ಎತ್ತಲಿಲ್ಲ.

ಮಗಳು ಮಾತ್ರ ನಿಂತಳು. ತುಟಿ ಒದ್ದೆ ಮಾಡಿಕೊಂಡು ಊದಿದಳು. ಬರೀ ಗಾಳಿ ಬಂತು. ಇನ್ನೊಮ್ಮೆ ಊದಿದಳು. ಗಾಳಿ.

ಅವಳ ಬೆನ್ನ ಹಿಂದೆ, ಖಾಲಿ ಮನೆಯ ಹೊಸ್ತಿಲ ಮೇಲೆ, ಇನ್ನೂ ಚುಕ್ಕೆ ಮಾಸದ ಎಳೆಯ ಹಕ್ಕಿಯೊಂದು ಕೂತಿತ್ತು. ಅದು ಎರಡು ತಗ್ಗು ಸ್ವರ ಕೂಗಿತು, ಥೇಟ್ ಹತ್ತೊಂಬತ್ತರ ವಯಸ್ಸಿನ ಅವಳ ಸೀಟಿಯೇ.

ಮರದ ಹಕ್ಕಿ ಕರೆಯುವುದನ್ನು ನಿಲ್ಲಿಸಿತು. ಕೊಂಬೆ ಬಿಟ್ಟು ಇಳಿದು, ಅವಳ ಹೆಗಲ ಪಕ್ಕದಲ್ಲೇ ಹಾದು, ಅವಳತ್ತ ನೋಡದೆ ಹೊಸ್ತಿಲಿನ ಕಡೆಗೆ ಹಾರಿತು.