ಕೇಳಿಸಿಕೊಳ್ಳುವ ಪರೀಕ್ಷೆ

ಹೌಸ್ ಸರ್ಜನ್ ಆಗಿ ಸೇರಿದ ಮೊದಲ ತಿಂಗಳ ಸ್ಟೈಪೆಂಡ್ ಕೈಗೆ ಬಂದಾಗ ಅವಳು ಹೊಸ ಚಪ್ಪಲಿ ಕೂಡ ಕೊಳ್ಳಲಿಲ್ಲ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲೇ ಒಂದು ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಶುರು ಮಾಡಿದಳು. ಆ ದುಡ್ಡಿನಲ್ಲಿ ಮೊದಲು ಇಂಗ್ಲಿಷ್ ಪರೀಕ್ಷೆ, ಅದು ಪಾಸಾದರೆ ಹೊರದೇಶದ ವೈದ್ಯರ ಪರವಾನಗಿಗೆ ಇನ್ನೆರಡು ಪರೀಕ್ಷೆ, ಆಮೇಲೆ ಅಲ್ಲೇ ಕೆಲಸ.

"ದಿನಾ ತೆಗೆದು ನೋಡ್ಬೇಡ ಕಣೇ ಕುಳ್ಳಿ. ನೀನು ನೋಡ್ತಾ ಕೂತ್ರೆ ಅದೇನು ಮರಿ ಹಾಕಲ್ಲ" ಎಂದಳು ಅಕ್ಕ. ಮನೆಯಲ್ಲಿ ಎಲ್ಲರಿಗಿಂತ ಉದ್ದ ಬೆಳೆದಿದ್ದರೂ ಅಕ್ಕನ ಬಾಯಲ್ಲಿ ಅವಳು ಕುಳ್ಳಿಯೇ.

ಆದರೂ ನೋಡುತ್ತಿದ್ದಳು. ಲಿಫ್ಟಿಗೆ ಕಾಯುವಾಗ, ಲ್ಯಾಬಿನ ಕಿಟಕಿ ತೆರೆಯುವವರೆಗೆ, ಕೈ ತೊಳೆದು ಒರೆಸಿಕೊಳ್ಳುವಷ್ಟರಲ್ಲಿ. ಏಳನೆಯ ತಿಂಗಳು ಪರೀಕ್ಷೆಗೆಂದು ಹಣ ತೆಗೆಯುವ ಹೊತ್ತಿಗೆ ಮಾರುಕಟ್ಟೆ ನೆಲ ಕಚ್ಚಿತ್ತು. ಹಾಕಿದ್ದಕ್ಕಿಂತ ಕಡಿಮೆ ಬಂದರೂ ಶುಲ್ಕಕ್ಕೆ ಸಾಕಾಯಿತು. ಹೊಟ್ಟೆ ಉರಿಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಪರೀಕ್ಷೆ ಇದ್ದದ್ದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ. ಗುರುವಾರ ಮಧ್ಯಾಹ್ನ ಅವಳು ಕೇಸ್ ಶೀಟ್ ಬರೆಯುತ್ತಿದ್ದಾಗ ಯೂನಿಟ್ಟಿನ ಸೀನಿಯರ್ ಬಂದು ಮೇಜಿಗೆ ಆತುಕೊಂಡ. ಪ್ರತಿ ಮಾತಿಗೂ 'ಆಯ್ತಲ್ವಾ' ಸೇರಿಸುತ್ತಿದ್ದವನಿಗೆ ಹೌಸ್ ಸರ್ಜನ್‌ಗಳು ಅದನ್ನೇ ಹೆಸರಾಗಿ ಇಟ್ಟುಬಿಟ್ಟಿದ್ದರು.

"ನಾಳೆ ನೈಟ್‌ಗೆ ಇರ್ಬೇಕಾದವನಿಗೆ ಜ್ವರ ಅಂತೆ. ನೀನೇ ನಿಂತ್ಕೋ. ಆಯ್ತಲ್ವಾ?"

"ಸರ್, ಶನಿವಾರ ನಂಗೊಂದು..."

"ಬೆಳಿಗ್ಗೆ ಬೇಗ ಬಿಡ್ತೀನಿ. ಆಯ್ತಲ್ವಾ?"

"ಆಯ್ತು ಸರ್" ಎಂದಳು. ಕಾಲೇಜು ಸೇರಿದಂದಿನಿಂದ ನಾಲಿಗೆಗೆ ರೂಢಿಯಾದ ಉತ್ತರ ಅದೊಂದೇ.

ಶುಕ್ರವಾರ ಬೆಳಿಗ್ಗೆ ವಾರ್ಡಿಗೆ ಹೋದವಳು ಹೊರಬಿದ್ದದ್ದು ಶನಿವಾರ ಏಳೂವರೆಗೆ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರಲಿಲ್ಲ. ಕೂತರೆ ಕಣ್ಣು ಹತ್ತೀತೆಂಬ ಭಯ. ಆದರೆ ಪರೀಕ್ಷಾ ಕೇಂದ್ರದಲ್ಲಿ ನಿಂತು ಬರೆಯಲು ಬಿಡುವುದಿಲ್ಲವಲ್ಲ. ತಣ್ಣನೆಯ ಕೋಣೆ, ಮೆತ್ತನೆಯ ಕುರ್ಚಿ, ಕಿವಿ ತುಂಬ ಕೂರುವ ಹೆಡ್‌ಫೋನ್. ಮೊದಲಿಗೆ ಕೇಳಿ ಬರೆಯುವ ಭಾಗ. ಯಾರೋ ಹೆಂಗಸು ಗ್ರಂಥಾಲಯದ ಸದಸ್ಯತ್ವ ವಿಚಾರಿಸುತ್ತ ತನ್ನ ಫೋನ್ ನಂಬರ್ ಹೇಳುತ್ತಿದ್ದಳು. ಐದು ಅಂಕಿ ಬರೆದದ್ದು ನೆನಪಿದೆ. ಆರನೆಯದು ಅವಳಿಗೆ ಕೇಳಿಸಲೇ ಇಲ್ಲ.

ಭುಜ ಮುಟ್ಟಿ ಎಬ್ಬಿಸಿದ್ದು ಮೇಲ್ವಿಚಾರಕಿ. "ಹುಷಾರಿಲ್ವೇನಮ್ಮಾ?" ಎಂದು ಮೆಲ್ಲಗೆ ಕೇಳಿದಳು. ಪರದೆಯ ಮೇಲೆ ಆ ಭಾಗ ಮುಗಿದುಹೋಗಿತ್ತು. ಎದ್ದು ಹೋಗಲು ನಾಚಿಕೆಯಾಗಿ ಉಳಿದ ಭಾಗಗಳನ್ನು ಹೇಗೋ ಬರೆದು ಮುಗಿಸಿದಳು.

ಹಾಸ್ಟೆಲಿಗೆ ಹೋಗಲು ಮನಸ್ಸಾಗದೆ ಅಕ್ಕನ ಮನೆಗೆ ಹೋದಳು. ಅಕ್ಕ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಳು.

"ಹೇಗಾಯ್ತೇ?"

"ನಿದ್ದೆ ಮಾಡ್ಬಿಟ್ಟೆ ಅಕ್ಕ."

"ಎಲ್ಲಿ, ಬಸ್ಸಲ್ಲಾ?"

"ಪರೀಕ್ಷೇಲಿ."

ಅಕ್ಕನಿಗೆ ನಗು ಉಕ್ಕಿತು. ತಂಗಿಯ ಮುಖ ನೋಡಿ ಅಲ್ಲಿಗೇ ನುಂಗಿಕೊಂಡಳು. "ರಾತ್ರಿ ಡ್ಯೂಟಿ ಹಾಕಿದ್ರಾ? ಹಾಕಿದೋನಿಗೆ ಪರೀಕ್ಷೆ ಇದೆ ಅಂದ್ಯಾ?"

"ಇಲ್ಲ. ಏನಂದ್ಕೋತಾರೋ ಅಂತ..."

"ಕೌಂಟರಲ್ಲಿ ಕೂತು ದಿನಕ್ಕೆ ಐವತ್ತು ಜನಕ್ಕೆ ಆಗಲ್ಲ ಅಂತೀನಿ ನಾನು. ಬೈಕೊಂಡು ಹೋಗ್ತಾರೆ, ನಾಳೆ ಮತ್ತೆ ಬರ್ತಾರೆ. ಅಷ್ಟು ದೂರ ಹೋಗಿ ಅಲ್ಲೂ ಇದೇ 'ಆಯ್ತು ಸರ್' ಅನ್ನೋದಾದ್ರೆ ಯಾಕೆ ಹೋಗ್ಬೇಕು ಹೇಳು?"

ಅವಳು ನೀರಿನ ಟ್ಯಾಂಕಿಗೆ ಒರಗಿ ಕೂತಳು. "ಅಕ್ಕ, ದುಡ್ಡು ಹೋಗಿದ್ದಕ್ಕಲ್ಲ. ಆ ಕುರ್ಚೀಲಿ ಎಷ್ಟು ಹಾಯಾಗಿ ನಿದ್ದೆ ಬಂತು ಗೊತ್ತಾ? ಎಬ್ಬಿಸಿದೋಳ ಮೇಲೆ ಸಿಟ್ಟು ಬಂತು" ಎನ್ನುವಷ್ಟರಲ್ಲಿ ಅಳು ಬಂತು. ಅಕ್ಕ ಒದ್ದೆ ಕೈಯಲ್ಲೇ ಅವಳನ್ನು ಎಬ್ಬಿಸಿ ಒಳಗೆ ಕರೆದೊಯ್ದು ಮಲಗಿಸಿದಳು. ಅವಳಿಗೆ ಎಚ್ಚರವಾದದ್ದು ಭಾನುವಾರ ಬೆಳಿಗ್ಗೆ.

ನಾಲ್ಕು ತಿಂಗಳ ನಂತರದ ತಾರೀಖಿಗೆ ಮತ್ತೆ ಹೆಸರು ಕೊಡುವುದೆಂದು ನಿರ್ಧರಿಸಿದಳು. ಬೇಗ ಬೇಕಾಗುವ ದುಡ್ಡನ್ನು ಏರಿಳಿಯುವ ಕಡೆ ಇಡಬಾರದೆಂದು ಅಕ್ಕ ಬುದ್ಧಿ ಹೇಳಿದ್ದಳು. ಹಾಗಾಗಿ ಶುಲ್ಕದ ಹಣ ಉಳಿತಾಯ ಖಾತೆಯಲ್ಲೇ ಕೂತಿತು. ಫಂಡಿಗೆ ಅರ್ಧ ಕಂತು ಮಾತ್ರ ಹೋಗುತ್ತಿತ್ತು.

ಪರೀಕ್ಷೆಗೆ ಎರಡು ದಿನ ಇರುವಾಗ ಆಯ್ತಲ್ವಾ ಮತ್ತೆ ಬಂದ. ಈ ಸಲ ಯಾರದೋ ಮನೆಯಲ್ಲಿ ಮದುವೆ, ನಾಳೆ ನೈಟ್‌ಗೆ ಅವಳೇ ನಿಲ್ಲಬೇಕಂತೆ.

"ಆಗಲ್ಲ ಸರ್" ಎಂದಳು.

"ಏನು?"

"ನಂಗೆ ಪರೀಕ್ಷೆ ಇದೆ. ಆಗಲ್ಲ."

ಅವನು ಗೋಡೆಯ ಮೇಲಿನ ಡ್ಯೂಟಿ ಪಟ್ಟಿಯನ್ನು ನೋಡಿ ಹೊರಟುಹೋದ. ಆ ರಾತ್ರಿಗೆ ಬೇರೆ ಯೂನಿಟ್ಟಿನಿಂದ ಯಾರೋ ಬಂದರು. ಮುಂದಿನ ಮೂರು ವಾರ ಅವನು ಅವಳೊಡನೆ ಮಾತಾಡಲಿಲ್ಲ. ವಾರ್ಡಿನ ಡಿಸ್ಚಾರ್ಜ್ ಸಾರಾಂಶಗಳನ್ನೆಲ್ಲ ಅವಳ ತಲೆಗೇ ಕಟ್ಟಿದ. ಅವಳು ಬರೆದಳು. ಇದು ಇಷ್ಟೇನಾ, ಇದಕ್ಕಾ ಇಷ್ಟು ವರ್ಷ ಹೆದರಿದ್ದು ಎನಿಸಿ, ಬರೆಯುತ್ತಲೇ ಒಮ್ಮೆ ನಕ್ಕಳು.

ಫಲಿತಾಂಶ ಬಂದ ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿದಳು.

"ಪಾಸಾಯ್ತು."

"ಲೈನಲ್ಲಿ ಜನ ಇದ್ದಾರೆ ಕಣೇ, ಆಮೇಲೆ ಮಾಡ್ತೀನಿ" ಎಂದಳು ಅಕ್ಕ. ಫೋನ್ ಕಡಿಯುವ ಮೊದಲೇ "ನನ್ನ ತಂಗಿ ಪಾಸಾದ್ಳು ರೀ" ಎಂದು ಕೌಂಟರಿನ ಆಚೆ ಇದ್ದ ಯಾರಿಗೋ ಹೇಳಿದ್ದು ಕೇಳಿಸಿತು.

ಇನ್ನೂ ಎರಡು ಪರೀಕ್ಷೆಗಳಿದ್ದವು. ದೊಡ್ಡವು. ಕುಣಿಯುವಷ್ಟು ಕಸುವು ಮೈಯಲ್ಲಿರಲಿಲ್ಲ. "ಹತ್ತು ನಿಮಿಷ ಬಿಟ್ಟು ಬರ್ತೀನಿ ಸಿಸ್ಟರ್" ಎಂದು ನರ್ಸಿಗೆ ಹೇಳಿ, ಕೇಳಿದ್ದಲ್ಲ, ಹೇಳಿ, ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಬಿಸಿಲಿಗೆ ಕಾಲು ಚಾಚಿ ಕೂತಳು.