ಅತ್ತೆಗೆ ಪಾಟೀ ಸವಾಲು

"ನಾನು ಅಲ್ಲೇ ಇದ್ದೆ. ಕಣ್ಣಾರೆ ನೋಡಿದೆ, ಕಿವಿಯಾರೆ ಕೇಳಿದೆ. ಇನ್ನೇನು ಬೇಕಮ್ಮ ನಿಂಗೆ?" ಎಂದು ಅತ್ತೆ ಕುರ್ಚಿಯ ಬೆನ್ನು ಹಿಡಿದು ಗುಡುಗಿದಳು. ಮೈಮೇಲೆ ಅಪ್ಪನ ಹಳೆಯ ಕೋಟು, ತಲೆಯ ಮೇಲೆ ಟೋಪಿಯ ಬದಲು ಹಿಟ್ಟಿನ ಜರಡಿ. ನಾಳೆ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಕಟಕಟೆ ಹತ್ತಲಿದ್ದ ಇನ್‌ಸ್ಪೆಕ್ಟರ್ ಸದ್ಯಕ್ಕೆ ಅವಳೇ.

"ಎಷ್ಟು ದೂರದಲ್ಲಿ ನಿಂತಿದ್ದಿರಿ?" ಎಂದು ಸೊಸೆ ಕೇಳಿದಳು.

"ನಿಲ್ಲೋದಾ? ಈ ಮಂಡಿ ಇಟ್ಕೊಂಡು? ನೋಡು, ಮೊನ್ನೆ ಡಾಕ್ಟರ ಹತ್ರ ಹೋದ್ರೆ ಆ ಪುಣ್ಯಾತ್ಮ..."

"ಅತ್ತೆ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು!"

ಒಳಕೋಣೆಯಿಂದ ಅಪ್ಪ ನಕ್ಕರು. ವಾರದಿಂದ ಮನೆಯಲ್ಲಿ ಇದೇ ನಾಟಕ. ಅಪ್ಪನ ಅಕ್ಕನಾದ ಈ ಅತ್ತೆಗೆ ಸಾಕ್ಷಿಯ ಪಾತ್ರ ಎಷ್ಟು ಒಗ್ಗಿತ್ತೆಂದರೆ, ಕಾಳು ಆರಿಸುತ್ತ ಕುಳಿತಿದ್ದಾಗಲೂ "ನಂಗೆ ನೆನಪಿಲ್ಲ ಸ್ವಾಮಿ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ಕಿರಿಯ ವಕೀಲೆಯಾದ ಸೊಸೆಗೆ ಮಾತ್ರ ಇದು ಆಟವಾಗಿರಲಿಲ್ಲ. ವಕೀಲರ ಕೋಣೆಯಲ್ಲಿ ಅವಳಿಗೆ ಮೆಲ್ದನಿ ಎಂಬ ಹೆಸರು ಬಿದ್ದು ಬಹಳ ಕಾಲವಾಗಿತ್ತು. ದಿನಾಂಕ ಮುಂದಕ್ಕೆ ಹಾಕಿ ಎಂದು ಕೇಳುವಾಗಲೂ ನ್ಯಾಯಾಧೀಶರು ಕಿವಿಯ ಹಿಂದೆ ಕೈ ಇಟ್ಟುಕೊಳ್ಳಬೇಕಾಗುತ್ತಿತ್ತು.

ಅಂಥವಳಿಗೆ ಟೀಚರ್ ಕೇಸಿನ ಪಾಟೀ ಸವಾಲನ್ನು ಯಾಕೆ ಕೊಟ್ಟಿರಿ ಎಂದು ಸೀನಿಯರ್ ವಕೀಲರನ್ನು ಎಲ್ಲರೂ ಕೇಳಿದ್ದರು. ಅವಳೂ ಕೇಳಿದ್ದಳು. ಅವರು ಕನ್ನಡಕ ಒರೆಸಿಕೊಳ್ಳುತ್ತ, "ಆ ಇನ್‌ಸ್ಪೆಕ್ಟರ್ ನನ್ನನ್ನ ಹದಿನೈದು ವರ್ಷದಿಂದ ನೋಡ್ತಿದ್ದಾನೆ. ನಾನು ಎದ್ದು ನಿಂತ್ರೆ ಸಾಕು, ಬಾಯಿಗೆ ಬೀಗ. ಹೌದು, ಇಲ್ಲ, ಗೊತ್ತಿಲ್ಲ. ನಿನ್ನನ್ನ ಕಂಡ್ರೆ ಯಾರಿಗೂ ಹೆದರಿಕೆ ಆಗಲ್ಲ. ಅದೇ ಬೇಕಾಗಿರೋದು" ಎಂದಿದ್ದರು. ಹೊಗಳಿದರೋ ತೆಗಳಿದರೋ ಅವಳಿಗೆ ತಿಳಿಯಲಿಲ್ಲ.

ಟೀಚರ್ ಭೂಗೋಳ ಹೇಳಿಕೊಡುತ್ತಿದ್ದವರು. ಅವರ ಶಾಲೆಯಲ್ಲಿ ಓದಿದ ಕೆಲವು ಹುಡುಗರನ್ನು ಪೊಲೀಸರು ವಿಚಾರಣೆಗೆಂದು ಕರೆದೊಯ್ದರು. ಆ ಹುಡುಗರು ಹಿಂದಿರುಗಲಿಲ್ಲ. ಕೇಳಿದ ತಾಯಂದಿರಿಗೆ ಠಾಣೆಯವರು ಅವರ್‍ಯಾರೂ ಇಲ್ಲಿಗೆ ಬಂದೇ ಇಲ್ಲ ಎಂದರು. ಒಂದು ಸಂಜೆ ಟೀಚರ್ ಮಾರುಕಟ್ಟೆ ಚೌಕದಲ್ಲಿ ಬೆಂಚಿನ ಮೇಲೆ ಹತ್ತಿ ನಿಂತು, ಮಕ್ಕಳೆಲ್ಲಿ ಎಂದು ಸರ್ಕಾರವನ್ನೇ ಕೇಳಿದರು. ಮರುದಿನ ಅವರ ಬಂಧನವಾಯಿತು. ಜನರನ್ನು ಸರ್ಕಾರದ ಮೇಲೆ ಎತ್ತಿಕಟ್ಟಿದರು, ಠಾಣೆಗೆ ಬೆಂಕಿ ಹಚ್ಚಿ ಎಂದು ಕರೆ ಕೊಟ್ಟರು ಎಂಬುದು ಆರೋಪ. ಬೆಂಕಿಯ ಮಾತನ್ನು ಕಿವಿಯಾರೆ ಕೇಳಿದೆ ಎನ್ನುವವರು ಈ ಇನ್‌ಸ್ಪೆಕ್ಟರ್ ಒಬ್ಬರೇ. ಕೋರ್ಟು ಆ ಮಾತನ್ನು ನಂಬಿದರೆ ಟೀಚರ್ ಮುಪ್ಪಿನವರೆಗೂ ಒಳಗೇ. ಚೌಕದಲ್ಲಿ ಅಂದು ನೆರೆದಿದ್ದ ಜನರಲ್ಲಿ ಒಬ್ಬರೂ ಟೀಚರ್ ಪರ ಸಾಕ್ಷಿ ಹೇಳಲು ಬಂದಿರಲಿಲ್ಲ. ಅವರ ಮನೆಗಳಲ್ಲೂ ಮಕ್ಕಳಿದ್ದರು.

ವಿಚಾರಣೆಯ ದಿನ ಕೋರ್ಟಿನ ಹಾಲಿನಲ್ಲಿ ಫ್ಯಾನು ತಿರುಗುವುದಕ್ಕಿಂತ ಹೆಚ್ಚಾಗಿ ನರಳುತ್ತಿತ್ತು. ಟೀಚರ್ ಆಪಾದಿತರ ಕಟಕಟೆಯಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಗೆ ಬಂದವರಂತೆ ನೆಟ್ಟಗೆ ಕುಳಿತಿದ್ದರು. ಎದುರಿನ ಕಟಕಟೆಯಲ್ಲಿ ಇನ್‌ಸ್ಪೆಕ್ಟರ್. ದಪ್ಪ ಮೈ, ಇಸ್ತ್ರಿ ಮಾಡಿದ ಸಮವಸ್ತ್ರ, ಬೆವರು. ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಅವರು ಬಾಯಿಪಾಠ ಒಪ್ಪಿಸಿದ ಹಾಗೆ ಹೇಳಿ ಮುಗಿಸಿದ್ದರು: ಬೆಂಚಿನ ಮುಂದೆಯೇ, ಕೈಗೆಟುಕುವಷ್ಟು ಹತ್ತಿರ ನಿಂತಿದ್ದೆ. ಭಾಷಣ ಶುರುವಾದಾಗಿನಿಂದ ಮುಗಿಯುವವರೆಗೂ ಕದಲಲಿಲ್ಲ. ಬೆಂಕಿ ಹಚ್ಚಿ ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಮೆಲ್ದನಿ ಎದ್ದು ನಿಂತಳು. ಬರೆದುಕೊಂಡ ಮೊದಲ ಪ್ರಶ್ನೆ ಕೇಳಿದಳು.

"ಸ್ವಲ್ಪ ಗಟ್ಟಿಯಾಗಿ" ಎಂದರು ನ್ಯಾಯಾಧೀಶರು.

ಮತ್ತೆ ಕೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇನ್‌ಸ್ಪೆಕ್ಟರಿಗೆ ಧೈರ್ಯ ಬಂತು. ಪ್ರಶ್ನೆ ಇದ್ದದ್ದು ಚೌಕದ ದೀಪಗಳ ಬಗ್ಗೆ. ಅವರು ದೇಶದ ಭದ್ರತೆ, ಪೊಲೀಸರ ಕಷ್ಟ, ಕೆಲಸವಿಲ್ಲದೆ ಬೀದಿಗಿಳಿಯುವ ಓದಿದ ಹೆಂಗಸರು ಎಂದು ಒಂದಕ್ಕೊಂದು ಪೋಣಿಸುತ್ತ ಹೋದರು. ಅವಳು ನಡುವೆ "ಸರ್" ಎಂದಳು. "ಸರ್, ದೀಪ..." ಎಂದಳು. ಅವರು ನಿಲ್ಲಿಸಲಿಲ್ಲ. ಅವಳ ಕಿವಿ ಬಿಸಿಯಾಯಿತು, ಕೈಯಲ್ಲಿನ ಹಾಳೆ ಮಸುಕಾಯಿತು. ಆಗ ವಾರವಿಡೀ ನಾಲಿಗೆಗೆ ಅಭ್ಯಾಸವಾಗಿದ್ದ ಮಾತು ತಾನಾಗಿ, ಹಾಲಿನ ಮೂಲೆ ಮೂಲೆಗೂ ಕೇಳುವಂತೆ ಹೊರಗೆ ಬಿತ್ತು.

"ಅತ್ತೆ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು!"

ಹಾಲಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬೆರಳಚ್ಚಿನ ಹೆಂಗಸು ಯಂತ್ರದ ಮೇಲೆ ತಲೆ ಇಟ್ಟುಕೊಂಡೇ ನಕ್ಕಳು. ಸರ್ಕಾರಿ ವಕೀಲರು ಕರವಸ್ತ್ರ ತೆಗೆದರು. ಸೀನಿಯರ್ ಕಣ್ಣು ಮುಚ್ಚಿಕೊಂಡರು.

"ಸಾಕ್ಷಿ ನಿಮ್ಮ ಸಂಬಂಧಿಕರು ಅಂತ ಮೊದಲೇ ಹೇಳಬೇಕಿತ್ತಲ್ಲ" ಎಂದರು ನ್ಯಾಯಾಧೀಶರು.

"ಕ್ಷಮಿಸಿ ಸ್ವಾಮಿ. ಮನೇಲಿ ಅತ್ತೇನ ನಿಲ್ಲಿಸಿಕೊಂಡು ಅಭ್ಯಾಸ ಮಾಡ್ತಿದ್ದೆ. ಅವರು ಇನ್‌ಸ್ಪೆಕ್ಟರ್ ಆಗಿದ್ರು."

ನಗು ಇನ್ನೊಂದು ಸುತ್ತು ಬಂತು. ಈ ಸಲ ಇನ್‌ಸ್ಪೆಕ್ಟರ್ ಕೂಡ ಹೊಟ್ಟೆ ಕುಲುಕಿಸಿ ನಕ್ಕರು. "ಇರ್ಲಿ ಬಿಡಿ ಸ್ವಾಮಿ, ಮಗು. ಕೇಳಮ್ಮ ಸೊಸೆ, ಏನು ಬೇಕೋ ಕೇಳು. ಅತ್ತೆ ಹೇಳ್ತಾಳೆ."

ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಎನ್ನಿಸುತ್ತಿತ್ತು ಅವಳಿಗೆ. ತಲೆ ಎತ್ತಲಾಗದೆ ಕಟಕಟೆಯ ಬುಡವನ್ನೇ ನೋಡುತ್ತಿದ್ದಳು. ಅಲ್ಲಿ ಇನ್‌ಸ್ಪೆಕ್ಟರರ ಬೂಟುಗಳು ಕಾಣುತ್ತಿದ್ದವು. ಭಾರ ಬಲಗಾಲಿನಿಂದ ಎಡಗಾಲಿಗೆ, ಎಡಗಾಲಿನಿಂದ ಮತ್ತೆ ಬಲಗಾಲಿಗೆ ಹೋಗುತ್ತಿತ್ತು. ಎಡಗಾಲಿನ ಮೇಲೆ ಅದು ನಿಲ್ಲುತ್ತಲೇ ಇರಲಿಲ್ಲ. ಒಲೆಯ ಮುಂದೆ ಅತ್ತೆ ನಿಲ್ಲುವುದೂ ಹೀಗೆಯೇ.

"ಮಂಡಿ ನೋವಾ ಸರ್?" ಎಂದು ಕೇಳಿದಳು.

ಅದು ಹಾಳೆಯಲ್ಲಿರಲಿಲ್ಲ. ಇನ್‌ಸ್ಪೆಕ್ಟರ್ ಕೊಂಚ ಬೆರಗಾದರು. "ಹೂಂ ಕಣಮ್ಮ. ಎರಡು ವರ್ಷ ಆಯ್ತು. ಎಡಗಡೇದು."

"ಸ್ವಾಮಿ, ಅವರಿಗೊಂದು ಕುರ್ಚಿ ಕೊಡಿಸ್ತೀರಾ?"

ಕುರ್ಚಿ ಬಂತು. ಕುಳಿತವರ ಬಾಯಿಂದ ಉಸ್ ಎಂಬ ನಿಟ್ಟುಸಿರು ಹೊರಬಿತ್ತು. ಸರ್ಕಾರಿ ವಕೀಲರು ಇನ್ನೂ ಕಣ್ಣೊರೆಸಿಕೊಳ್ಳುತ್ತಿದ್ದರು.

"ಔಷಧಿ ತಗೋತಿದ್ದೀರಾ?"

"ಎಲ್ಲಾ ಆಯ್ತು. ಎಣ್ಣೆ, ಮಾತ್ರೆ, ಸೂಜಿ. ಡಾಕ್ಟರ್ ಹೇಳೋದು ನಿಲ್ಲಬೇಡಿ ಅಂತ. ಪೊಲೀಸನಿಗೆ ನಿಲ್ಲಬೇಡ ಅಂದ್ರೆ ಹೇಗಮ್ಮ? ಐದು ನಿಮಿಷ ನಿಂತ್ರೆ ಸಾಕು, ಜೀವ ಹೋಗುತ್ತೆ."

"ಹಾಗಾದ್ರೆ ಆವತ್ತು?" ಅವಳ ದನಿಯಲ್ಲಿ ಅಯ್ಯೋ ಎನ್ನುವ ಭಾವವೇ ಇತ್ತು. "ಟೀಚರ್ ಅಷ್ಟು ಹೊತ್ತು ಮಾತಾಡಿದ್ರಲ್ಲ?"

"ಆವತ್ತು ಅಲ್ಲಿ ನಿಲ್ಲೋಕಾಗುತ್ತಾ? ಜೀಪಲ್ಲೇ ಕೂತಿದ್ದೆ."

"ಚೌಕದಲ್ಲೇನಾ?"

"ಚೌಕದಲ್ಲಿ ಜೀಪಿಗೆ ಜಾಗ ಎಲ್ಲಿ? ಆಚೆ, ಬ್ಯಾಂಕಿನ ಹತ್ರ. ಧೂಳು ಬೇರೆ ಹಾಳಾದ್ದು, ಗಾಜು ಏರಿಸಿಕೊಂಡು..."

ಸರ್ಕಾರಿ ವಕೀಲರು ಕರವಸ್ತ್ರ ಹಿಡಿದ ಕೈಯನ್ನೇ ಎತ್ತಿ "ಆಕ್ಷೇಪಣೆ!" ಎಂದರು. ನ್ಯಾಯಾಧೀಶರ ಮುಖದಲ್ಲಿ ಈಗ ನಗು ಇರಲಿಲ್ಲ. ಅವರು ಬೆರಳಚ್ಚಿನ ಹೆಂಗಸಿನ ಕಡೆ ತಿರುಗಿ ನಿಧಾನವಾಗಿ ಹೇಳಿ ಬರೆಸಿದರು: "ಭಾಷಣದ ವೇಳೆ ನಾನು ಬ್ಯಾಂಕಿನ ಹತ್ತಿರ ಜೀಪಿನಲ್ಲಿ ಕುಳಿತಿದ್ದೆ. ಗಾಜು ಏರಿಸಿದ್ದೆ."

ಮೆಲ್ದನಿ ಹಾಳೆಯನ್ನು ಮಡಚಿದಳು. ಇನ್ನು ಕೇಳಬೇಕಾದದ್ದು ಒಂದೇ ಇತ್ತು. ಅದನ್ನು ಕೇಳಲು ಈಗ ಅವಳಿಗೆ ಮನಸ್ಸಿರಲಿಲ್ಲ, ಆದರೆ ಟೀಚರ್ ಅವಳನ್ನೇ ನೋಡುತ್ತಿದ್ದರು.

"ಬೆಂಕಿ ಹಚ್ಚಿ ಅಂದಿದ್ದು ನಿಮಗೆ ಕೇಳಿಸ್ತಾ ಸರ್?"

ಇನ್‌ಸ್ಪೆಕ್ಟರ್ ಮಂಡಿ ಒತ್ತಿಕೊಂಡರು. ಸರ್ಕಾರಿ ವಕೀಲರನ್ನು ನೋಡಿದರು. "ಕೇಳಿಸ್ತು ಅಂತ... ಹೇಳಿದ್ರು" ಎಂದರು. ಯಾರು ಹೇಳಿದರು ಎಂದು ನ್ಯಾಯಾಧೀಶರೇ ಕೇಳಿದಾಗ ಇನ್‌ಸ್ಪೆಕ್ಟರ್ ಕತ್ತಿನ ಬೆವರು ಒರೆಸಿಕೊಂಡರು.

ಬೇರೆ ಸಾಕ್ಷಿ ಇದ್ದಾರೆಯೇ ಎಂದು ಕೇಳಿದ್ದಕ್ಕೆ ಸರ್ಕಾರಿ ವಕೀಲರು ಸಮಯ ಬೇಡಿದರು. ಸಮಯ ಸಿಕ್ಕಿತು. ಅಲ್ಲಿಯವರೆಗೆ ಆಪಾದಿತೆ ಸ್ವಂತ ಮುಚ್ಚಳಿಕೆಯ ಮೇಲೆ ಮನೆಗೆ ಹೋಗಬಹುದು ಎಂದೂ ಆದೇಶವಾಯಿತು. ಕೇಸು ಮುಗಿದಿರಲಿಲ್ಲ. ಆದರೂ ಟೀಚರ್ ಅಲ್ಲೇ ಸಹಿ ಮಾಡಿ, ಪೆನ್ನಿಗೆ ಮುಚ್ಚಳ ಹಾಕಿ ಹಿಂದಿರುಗಿಸಿದರು.

"ಭಲೇ! ಮಂಡಿಯ ದಾರೀಲಿ ಹೋಗಬಹುದು ಅಂತ ನನ್ನ ತಲೆಗೇ ಹೊಳೆದಿರಲಿಲ್ಲ" ಎಂದು ಸೀನಿಯರ್ ಪಿಸುಗುಟ್ಟಿದರು. "ಯಾವಾಗ ಲೆಕ್ಕ ಹಾಕಿದೆ?"

"ಲೆಕ್ಕ ಹಾಕಿರಲಿಲ್ಲ ಸರ್. ಅವರಿಗೆ ನೋಯ್ತಿತ್ತು."

ಸೀನಿಯರ್ ಅವಳ ಮುಖವನ್ನೇ ನೋಡಿದರು. ಆಮೇಲೆ ಫೈಲುಗಳನ್ನು ಎತ್ತಿಕೊಂಡು ಹೊರಗೆ ನಡೆದರು.

ಕೋರ್ಟಿನ ಹಾಲ್ ಖಾಲಿಯಾಯಿತು. ಇನ್‌ಸ್ಪೆಕ್ಟರ್ ಮಾತ್ರ ಕುರ್ಚಿಯಲ್ಲೇ ಉಳಿದಿದ್ದರು. ಜೊತೆಗೆ ಬಂದಿದ್ದ ಪೇದೆಗಳು ಸರ್ಕಾರಿ ವಕೀಲರ ಹಿಂದೆ ಹೋಗಿಬಿಟ್ಟಿದ್ದರು. ಕೈ ಊರಲು ಕುರ್ಚಿಗೆ ತೋಳಿರಲಿಲ್ಲ. ಒಮ್ಮೆ ಏಳಲು ನೋಡಿ ಅವರು ಮತ್ತೆ ಕುಸಿದರು. ಮೆಲ್ದನಿ ಕೋಟನ್ನು ಬಗಲಿಗೆ ಸಿಕ್ಕಿಸಿಕೊಂಡು ಹತ್ತಿರ ಹೋಗಿ ಕೈ ಚಾಚಿದಳು. ಅವರು ಆ ಕೈಯನ್ನು ನೋಡಿದರು, ಬಾಗಿಲನ್ನು ನೋಡಿದರು.

"ಇನ್ನೂ ಪ್ರಶ್ನೆ ಇದೆಯೇನಮ್ಮ?"

"ಇಲ್ಲ ಸರ್. ಏಳಿ."

ಕೈ ಭಾರವಾಗಿತ್ತು, ಒದ್ದೆಯಾಗಿತ್ತು. ಇಬ್ಬರೂ ಬಾಗಿಲು ದಾಟಿ ಮೆಟ್ಟಿಲಿಗೆ ಬಂದರು. ಇಕ್ಕಟ್ಟಾದ ಹಳೆಯ ಮೆಟ್ಟಿಲು. ಇನ್‌ಸ್ಪೆಕ್ಟರ್ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಅವಳ ತೋಳು ಹಿಡಿದು ಒಂದು ಮೆಟ್ಟಿಲು ಇಳಿದರು, ನಿಂತರು, ಇನ್ನೊಂದು ಇಳಿದರು. ಹಿಂದೆ ಹೆಜ್ಜೆಯ ಸದ್ದಾಯಿತು. ಬಟ್ಟೆಯ ಚೀಲ ಹಿಡಿದು ಟೀಚರ್ ಬರುತ್ತಿದ್ದರು. ಇನ್‌ಸ್ಪೆಕ್ಟರ್ ತಿರುಗಿ ನೋಡಿ, ದಾರಿ ಬಿಡಲೆಂದು ಗೋಡೆಗೆ ಒತ್ತಿಕೊಳ್ಳಲು ಹೋದರು. ಅಷ್ಟು ಜಾಗ ಅಲ್ಲಿರಲಿಲ್ಲ.

"ನಿಧಾನ" ಎಂದರು ಟೀಚರ್. "ನನಗೇನೂ ಅವಸರವಿಲ್ಲ."

ಅವರು ಒಂದು ಮೆಟ್ಟಿಲು ಮೇಲೆಯೇ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು.