ಎಡಗಾಲಿನ ಕಲ್ಲು

ಮಗ್ಗೆಯಿಂದಾಚೆ ನಮ್ಮೂರ ಕೆರೆ ಏರಿಯ ಮೇಲೆ ಎರಡಾಳೆತ್ತರದ ಜಿನಮೂರ್ತಿ ನಿಂತಿದೆ. ಅದಕ್ಕೆ ತಲೆಯಿಲ್ಲ. ೧೯೯೮ರಲ್ಲಿ ಈಶ್ವರ ದೇವಸ್ಥಾನದ ಸಮಿತಿಯವರು ಅದರ ಪಕ್ಕ ಫಲಕ ನೆಡಲು ಹೊರಟರು. ಒಕ್ಕಣೆ ಬರೆಯುವ ಕೆಲಸ ಇತಿಹಾಸದ ಮೇಷ್ಟ್ರಾದ ನನ್ನ ಕೊರಳಿಗೆ ಬಿತ್ತು.

"ಸುಲ್ತಾನರ ದಂಡು ಬಂದು ತಲೆ ಒಡೀತು ಅಂತ ಬರೀರಿ," ಎಂದರು ಅಧ್ಯಕ್ಷ ಮೃತ್ಯುಂಜಯಪ್ಪ.

"ಅದಕ್ಕೆ ಆಧಾರ ಏನೈತೆ?"

"ಊರಿಗೆಲ್ಲ ಗೊತ್ತಿರೋದಕ್ಕೆ ಆಧಾರ ಬೇರೆ ಬೇಕಾ ಮಾರಾಯ್ರೆ?"

ಅದೇ ವಾರ ಟೈಲ್ಸ್ ಹಾಕಲೆಂದು ದೇವಸ್ಥಾನದ ಬಾಗಿಲ ಮುಂದಿನ ಮೆಟ್ಟಿಲುಗಲ್ಲು ಕಿತ್ತರು. ಒಳಗೆ ಹೋಗುವವರು ಆ ಕಲ್ಲನ್ನು ಎಡಗಾಲಿನಿಂದ ತುಳಿದೇ ಹೋಗಬೇಕು. ಬೇರೆಲ್ಲ ಕಡೆ ಬಲಗಾಲಿಡುವ ನಾವು ಇಲ್ಲೇಕೆ ಹೀಗೆಂದು ಯಾರೂ ಕೇಳಿರಲಿಲ್ಲ. ಮಗುಚಿದರೆ ಅಡಿಯಲ್ಲಿ ಒಂದು ಮುಖವಿತ್ತು: ಗುಂಗುರು ಕೂದಲು, ಜೋಲುಗಿವಿ, ಅರೆಮುಚ್ಚಿದ ಕಣ್ಣು. ಹೊತ್ತೊಯ್ದು, ಏಣಿ ಹಾಕಿ ಮೂರ್ತಿಯ ಕುತ್ತಿಗೆಯ ಮೇಲಿಟ್ಟಾಗ ಸರಿಯಾಗಿ ಕೂತಿತು.

ನನಗೆ ಮೈಯೆಲ್ಲ ಉರಿಯಿತು.

"ಒಡೆದೋರು ಯಾರೋ ನಂಗೊತ್ತಿಲ್ಲ. ತುಳಿದೋರು ಯಾರು ಅಂತ ಗೊತ್ತಾಯ್ತಲ್ಲ, ಅದನ್ನೇ ಬರೀತೀನಿ," ಎಂದೆ.

"ನೀವು ಬರೆಯೋದೇ ಬ್ಯಾಡ ಬುಡಿ ಮೇಷ್ಟ್ರೇ," ಎಂದ ಮೃತ್ಯುಂಜಯಪ್ಪ ಆ ತಲೆಯನ್ನು ಮತ್ತೆ ಬಾಗಿಲ ಮುಂದೆ ಬೋರಲು ಹಾಕಿಸಿ ಸಿಮೆಂಟು ಮೆತ್ತಿಸಿದರು. ಫಲಕವನ್ನು ಬೇರೆ ಯಾರಿಂದಲೋ ಬರೆಸಿದರು.

ಉದ್ಘಾಟನೆಯ ದಿನ ಮೃತ್ಯುಂಜಯಪ್ಪನವರೇ ಅದನ್ನು ಗಟ್ಟಿಯಾಗಿ ಓದಿದರು. ದಂಡಿಗೆ ಸಿಕ್ಕಿ ತಲೆ ಕಳೆದುಕೊಂಡ ಮೂರ್ತಿಗಾಗಿ ಎಲ್ಲರೆದುರು ಕಣ್ಣೊರೆಸಿಕೊಂಡರು. ಅಲ್ಲಿಂದ ನೇರವಾಗಿ ದೇವಸ್ಥಾನಕ್ಕೆ ಬಂದು, ಪದ್ಧತಿ ತಪ್ಪದಂತೆ ಎಡಗಾಲನ್ನೇ ಮೊದಲಿಟ್ಟರು.